ಬೀದರಿಗೆ ಎರಡು ದಿನ ಸಾಕಾ?

ನೀವು ಕೇಳಿದ್ದು ಇಷ್ಟು: ವಯಸ್ಸಾದ ತಂದೆ ತಾಯಿಯನ್ನು ಕರೆದುಕೊಂಡು ಬೆಂಗಳೂರಿನಿಂದ ಬೀದರಿಗೆ ಹೋಗಬೇಕು, ಕೈಯಲ್ಲಿರುವುದು ಎರಡೇ ದಿನ. ಹೋಗಿ ಬಂದ ಯಾರೋ "ಒಂದು ಕೋಟೆ ಬಿಟ್ರೆ ಅಲ್ಲೇನಿಲ್ಲ" ಅಂದರಂತೆ. ಏಳುನೂರು ಕಿಲೋಮೀಟರ್ ಹೋಗಿ ಬಂದದ್ದು ದಂಡ ಆಗಲ್ವಾ ಅಂತ ನಿಮ್ಮ ಅನುಮಾನ.

ದಂಡ ಆಗಲ್ಲ. ಆದರೆ ಹಾಗೆ ಹೇಳಿದವರನ್ನು ನಾನು ಬೈಯುವುದೂ ಇಲ್ಲ. ಕೆಲಸದ ಮೇಲೆ ಬೀದರಿನಲ್ಲಿ ನಾಲ್ಕು ವರ್ಷ ಇದ್ದೆ. ಮೊದಲ ಸಲ ಕೋಟೆಗೆ ಹೋದಾಗ ಒಂದೇ ಗಂಟೆಯಲ್ಲಿ ಹೊರಗೆ ಬಂದು ಕಬ್ಬಿನ ಹಾಲು ಕುಡಿಯುತ್ತಾ ನಿಂತಿದ್ದೆ. ಕೋಟೆಯೊಳಗಿನ ರಂಗೀನ್ ಮಹಲಿನ ಬಾಗಿಲಿಗೆ ಬೀಗ ಇತ್ತು. ಮುಚ್ಚಿದ್ದಾರೆ ಅಂದುಕೊಂಡು ವಾಪಸ್ ಬಂದಿದ್ದೆ. ಮೂರನೇ ಸಲ ಊರಿನವರೊಬ್ಬರ ಜೊತೆ ಹೋದಾಗ ಗೊತ್ತಾಯಿತು, ಅಲ್ಲಿನ ಸಿಬ್ಬಂದಿಯನ್ನು ಕೇಳಿದರೆ ಬೀಗ ತೆಗೆದು ತೋರಿಸುತ್ತಾರೆ ಅಂತ. ಬೀದರ್ ಅಂದರೆ ಹೀಗೇ. ಕೇಳದಿದ್ದರೆ ಏನೂ ಕಾಣಿಸುವುದಿಲ್ಲ.

ರಂಗೀನ್ ಮಹಲ್ ದೊಡ್ಡ ಕಟ್ಟಡವೇನಲ್ಲ. ಬಹಮನಿಗಳ ನಂತರ ಬೀದರ್ ಆಳಿದ ಬರೀದ್ ಶಾಹಿಗಳ ಕಾಲದಲ್ಲಿ, 16ನೇ ಶತಮಾನದಲ್ಲಿ, ಅಲಿ ಬರೀದ್ ಅದನ್ನು ಹೊಸದಾಗಿ ಮಾಡಿಸಿದ. ಒಳಗಿನ ಬಾಗಿಲ ಸುತ್ತ ಕಪ್ಪು ಕಲ್ಲಿನಲ್ಲಿ ಮುತ್ತಿನ ಚಿಪ್ಪನ್ನು ಕೂರಿಸಿದ್ದಾರೆ. ಎದುರಿಗೆ ನಿಂತರೆ ಬರೀ ಬಿಳಿ ಬಳ್ಳಿ. ಎರಡು ಹೆಜ್ಜೆ ಪಕ್ಕಕ್ಕೆ ಸರಿಯಿರಿ, ಅದೇ ಬಳ್ಳಿ ಗುಲಾಬಿ, ಹಸಿರು ಬಣ್ಣಕ್ಕೆ ತಿರುಗುತ್ತದೆ. ನಮ್ಮಮ್ಮ ಅದರ ಮುಂದೆ ಆ ಕಡೆ ಈ ಕಡೆ ಓಡಾಡಿದ್ದು ನೋಡಿ ಕಾವಲಿನವನಿಗೇ ನಗು.

ಕೋಟೆ ಬಹಳ ದೊಡ್ಡದು. ಅಪ್ಪ ಅಮ್ಮನನ್ನು ಪೂರ್ತಿ ನಡೆಸಬೇಡಿ. ಒಳಗೆ ಹೋಗುವ ಮೊದಲು ಕಂದಕ ತೋರಿಸಿ. ಬೀದರ್ ನಿಂತಿರುವುದೇ ಜಂಬಿಟ್ಟಿಗೆ ಕಲ್ಲಿನ ಮೇಲೆ. ಆ ಕೆಂಪು ಬಂಡೆಯನ್ನೇ ಕೊರೆದು, ನಡುನಡುವೆ ಬಂಡೆಯನ್ನೇ ಗೋಡೆಯ ಹಾಗೆ ಉಳಿಸಿಕೊಂಡು, ಮೂರು ಸಾಲು ಕಂದಕ ಮಾಡಿದ್ದಾರೆ. ಆಮೇಲೆ ರಂಗೀನ್ ಮಹಲ್, ಅದಾದ ಮೇಲೆ ಸೋಲಾ ಖಂಬ ಮಸೀದಿ. ಇಷ್ಟು ಸಾಕು. ಉಳಿದ ಮಹಲುಗಳು ಹೆಚ್ಚುಕಮ್ಮಿ ಪಾಳು ಗೋಡೆಗಳು, ಹೊರಗಿನಿಂದ ನೋಡಿ ಮುಂದೆ ಹೋಗಬಹುದು.

ನನ್ನನ್ನು ಕೇಳಿದರೆ ಕೋಟೆಗಿಂತ ಮೊದಲು ಅಷ್ಟೂರು. ಊರಿನಿಂದ ಮೂರ್ನಾಲ್ಕು ಕಿಲೋಮೀಟರ್, ಆಟೋ ಸಿಗುತ್ತದೆ. ಹೋಗಿ ಬರುವುದಕ್ಕೆ ಮಾತಾಡಿಕೊಳ್ಳಿ, ಇಲ್ಲದಿದ್ದರೆ ವಾಪಸ್ ಬರಲು ಗಾಡಿ ಸಿಗದೆ ಒದ್ದಾಡಬೇಕಾಗುತ್ತದೆ. ಹೊಲಗಳ ನಡುವೆ ಬಹಮನಿ ಸುಲ್ತಾನರ ಗೋರಿಗಳು ಸಾಲಾಗಿ ನಿಂತಿವೆ. ಕಲಬುರಗಿಯಿಂದ ರಾಜಧಾನಿಯನ್ನು ಬೀದರಿಗೆ ತಂದ ಅಹ್ಮದ್ ಶಾ ವಲಿ ಮಲಗಿರುವುದು ಇಲ್ಲೇ. ತೀರಿಕೊಂಡದ್ದು 1436ರಲ್ಲಿ.

ಅವನ ಗೋರಿಯೊಳಗೆ ಕತ್ತಲು. ಮೊದಲ ಸಲ ಹೋದಾಗ ಏನೂ ಕಾಣದೆ ಮೊಬೈಲ್ ಟಾರ್ಚ್ ಹಾಕಿದ್ದೆ. ನೋಡಿಕೊಳ್ಳುವ ಅಜ್ಜ ಅದನ್ನು ಆರಿಸಲು ಹೇಳಿ, ಹೊರಗೆ ಹೋಗಿ ಬಿಸಿಲಿಗೆ ಒಂದು ಕನ್ನಡಿ ಹಿಡಿದ. ಬೆಳಕಿನ ಚೌಕವೊಂದು ಬಾಗಿಲಿನಿಂದ ಒಳಗೆ ಬಂತು, ಗೋಡೆ ಹತ್ತಿತು, ಗುಮ್ಮಟದ ಒಳಮೈ ಮೇಲೆ ನಿಧಾನ ಓಡಾಡಿತು. ಅದು ಹೋದಲ್ಲೆಲ್ಲಾ ಕೆಂಪು, ನೀಲಿ, ಚಿನ್ನದ ಬಣ್ಣದ ಬಳ್ಳಿ, ಅಕ್ಷರ. ಬೆಳಕು ಮುಂದಕ್ಕೆ ಹೋದ ಕೂಡಲೇ ಹಿಂದಿನದೆಲ್ಲ ಮತ್ತೆ ಕತ್ತಲು. ಇದು ಬೇಕೆಂದರೆ ಬಿಸಿಲು ಇರುವಾಗಲೇ ಹೋಗಬೇಕು. ಸಂಜೆ ಆರಕ್ಕೆ ಹೋಗಿ ಏನೂ ಕಾಣಲಿಲ್ಲ ಅನ್ನುವವರೇ ಜಾಸ್ತಿ.

ಈ ಸುಲ್ತಾನನನ್ನು ಹಿಂದೂಗಳು ಅಲ್ಲಮಪ್ರಭು ಅಂತಲೇ ನಡೆದುಕೊಳ್ಳುತ್ತಾರೆ. ಅವನ ಉರುಸು ನಡೆಯುವುದು ಹಿಂದೂ ಪಂಚಾಂಗದ ಲೆಕ್ಕದಲ್ಲಿ. ಅದಕ್ಕೆ ಕಲಬುರಗಿ ಜಿಲ್ಲೆಯ ಮಾಡ್ಯಾಳದಿಂದ ಲಿಂಗಾಯತ ಜಂಗಮರು ಬರುತ್ತಾರೆ. ಟೋಪಿ, ರುಮಾಲು, ಕುಂಕುಮ, ಶಂಖ ಎಲ್ಲಾ ಒಂದೇ ಅಂಗಳದಲ್ಲಿ. ನಿಮ್ಮ ತಾಯಿ ಕೈಮುಗಿದರೂ ಯಾರೂ ತಿರುಗಿ ನೋಡುವುದಿಲ್ಲ.

ಅಲ್ಲೇ ಹುಮಾಯೂನನ ಗೋರಿ ಇದೆ. ದೆಹಲಿಯ ಹುಮಾಯೂನ್ ಅಲ್ಲ, ಈತ ಬಹಮನಿ, 'ಜಾಲಿಮ್', ಅಂದರೆ ಕ್ರೂರಿ, ಅಂತ ಹೆಸರು. ಸಿಡಿಲು ಬಡಿದು ಅರ್ಧ ಗುಮ್ಮಟ ಬಿದ್ದಿದೆ, ಇನ್ನರ್ಧ ಒಡೆದ ತೆಂಗಿನ ಚಿಪ್ಪಿನ ಹಾಗೆ ಹಾಗೇ ನಿಂತಿದೆ. ಅವನ ಕ್ರೌರ್ಯಕ್ಕೂ ಸಿಡಿಲಿಗೂ ಊರಿನವರು ಗಂಟು ಹಾಕುತ್ತಾರೆ. ಗುಮ್ಮಟ ಒಳಗೆ ಹೇಗಿರುತ್ತದೆ, ಎಷ್ಟು ದಪ್ಪ ಅಂತ ನನಗೆ ಅರ್ಥವಾದದ್ದು ಮಾತ್ರ ಆ ಸಿಡಿಲಿನಿಂದ. ಅಷ್ಟೂರಿನ ದಾರಿಯಲ್ಲೇ ಚೌಖಂಡಿ ಸಿಗುತ್ತದೆ, ಸೂಫಿ ಸಂತ ಖಲೀಲುಲ್ಲಾನ ಗೋರಿ. ಮೆಟ್ಟಿಲು ಜಾಸ್ತಿ. ಮಂಡಿನೋವು ಇದ್ದರೆ ಕೆಳಗಿನಿಂದಲೇ ನೋಡಿ.

ಊರೊಳಗೆ ಮಹಮೂದ್ ಗವಾನನ ಮದರಸಾ. ಗವಾನ್ ಇರಾನಿನ ಗೀಲಾನ್ ಕಡೆಯಿಂದ ಬಂದವನು, ಇಲ್ಲಿ ಪ್ರಧಾನಿಯಾದ. 1472ರಲ್ಲಿ ಮದರಸಾ ಕಟ್ಟಿಸಿದ. 1481ರಲ್ಲಿ ಶತ್ರುಗಳು ಅವನ ಮುದ್ರೆ ಬಳಸಿ ಸುಳ್ಳು ಪತ್ರ ಸೃಷ್ಟಿಸಿದರು, ಸುಲ್ತಾನ ವಿಚಾರಿಸದೆ ತಲೆ ತೆಗೆಸಿದ. ಮಾರನೆಯ ವರ್ಷ ಸುಲ್ತಾನನೂ ಸತ್ತ. ಮದರಸಾದ ಒಂದು ಭಾಗ ಔರಂಗಜೇಬನ ಕಾಲದಲ್ಲಿ ಸ್ಫೋಟಕ್ಕೆ ಹೋಯಿತು. ಈಗ ಉಳಿದಿರುವುದು ಒಂದು ಮಿನಾರು, ಅದರ ಮೇಲೆ ಅಲ್ಲಲ್ಲಿ ನೀಲಿ ಹಸಿರು ಹೆಂಚಿನ ತುಂಡುಗಳು. ಅರ್ಧ ಗಂಟೆ ಸಾಕು.

ಅಲ್ಲಿಂದ ಚೌಬಾರಾ ಗಡಿಯಾರದ ಗೋಪುರದ ಕಡೆ ನಡೆದರೆ ಬಿದರಿ ಕೆಲಸದ ಅಂಗಡಿಗಳು. ಕೊಳ್ಳದಿದ್ದರೂ ಪರವಾಗಿಲ್ಲ, ಕೆಲಸ ಮಾಡುವುದನ್ನು ತೋರಿಸಿ ಅಂತ ಕೇಳಿ. ಸತು, ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ಯುತ್ತಾರೆ. ಉಳಿಯಿಂದ ಗೆರೆ ಕೊರೆದು ಅದರೊಳಗೆ ಬೆಳ್ಳಿ ತಂತಿ ಬಡಿದು ಕೂರಿಸುತ್ತಾರೆ. ಆಗ ಇಡೀ ಹೂಜಿ ಬೂದು ಬಣ್ಣ, ಬೆಳ್ಳಿ ಎಲ್ಲಿ ಸತು ಎಲ್ಲಿ ತಿಳಿಯುವುದಿಲ್ಲ. ಕೊನೆಗೆ ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿ ಹಚ್ಚುತ್ತಾರೆ. ತೊಳೆದಾಗ ಸತುವೆಲ್ಲ ಕಡುಕಪ್ಪು, ಬೆಳ್ಳಿ ಮಾತ್ರ ಬಿಳಿ. ಬಿಸಿಲು ಮಳೆ ತಾಗದ ಹಳೆಯ ಕಟ್ಟಡದ ಮಣ್ಣೇ ಆಗಬೇಕು. ಒಬ್ಬರು ಚಿಟಿಕೆ ಮಣ್ಣನ್ನು ನಾಲಿಗೆಗೆ ಹಚ್ಚಿಕೊಂಡು, ಉಗಿದು, "ಇದು ಆಗಲ್ಲ" ಅಂದದ್ದನ್ನು ನಾನೇ ನೋಡಿದ್ದೇನೆ. ಈ ಕಸುಬಿಗಾಗಿ ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು.

ನರಸಿಂಹ ಝರಣಿಗೆ ಕರೆದುಕೊಂಡು ಹೋಗಿ ಅಂತ ಎಲ್ಲರೂ ಹೇಳುತ್ತಾರೆ. ಸುರಂಗದಲ್ಲಿ ಎದೆಮಟ್ಟದ ನೀರಿನಲ್ಲಿ ನಡೆದು ಹೋಗಿ ದೇವರ ದರ್ಶನ ಮಾಡಬೇಕು, ತಲೆ ಮೇಲೆ ಬಾವಲಿಗಳು. ನನಗೆ ಇಷ್ಟ. ಆದರೆ ಬಿಪಿ, ಉಬ್ಬಸ ಇರುವ ಹಿರಿಯರನ್ನು ಒಳಗೆ ಕಳಿಸಬೇಡಿ, ರಜೆ ದಿನ ಅಂತೂ ಬೇಡವೇ ಬೇಡ. ಬದಲಿಗೆ ಸಿಖ್ಖರ ಗುರುದ್ವಾರ ಗುರುನಾನಕ್ ಝೀರಾಕ್ಕೆ ಹೋಗಿ. ತಲೆಗೆ ಬಟ್ಟೆ ಕಟ್ಟಿಕೊಂಡು, ಊಟೆಯ ನೀರು ಕುಡಿದು, ಲಂಗರಿನಲ್ಲಿ ಊಟ ಮಾಡಿ. ಗುರು ಗೋಬಿಂದ್ ಸಿಂಗರ ಪಂಚ ಪ್ಯಾರೆಯರಲ್ಲಿ, ಅಂದರೆ ಖಾಲ್ಸಾಕ್ಕೆ ಮೊದಲು ಸೇರಿದ ಐವರಲ್ಲಿ, ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ಬೀದರಿನವರು. ಇಲ್ಲಿಗೆ ಪಂಜಾಬಿನಿಂದಲೂ ಜನ ಬರುತ್ತಾರೆ.

ಎರಡನೇ ದಿನ ಕಾರು ಮಾಡಿಕೊಂಡು ಬಸವಕಲ್ಯಾಣ. ಸುಮಾರು 80 ಕಿಲೋಮೀಟರ್. ಬಸವಣ್ಣನವರ 108 ಅಡಿ ಮೂರ್ತಿಯನ್ನು ನಿಮ್ಮ ತಂದೆ ತಾಯಿ ಹೇಗೂ ನೋಡಬೇಕು ಅನ್ನುತ್ತಾರೆ. ನಾನು ಹೇಳುವುದು ಹುಮನಾಬಾದ್ ಹತ್ತಿರದ ಜಲಸಂಗ್ವಿಯನ್ನು ತಪ್ಪಿಸಬೇಡಿ ಅಂತ. ಸಣ್ಣ ಹಳ್ಳಿ, ಚಾಲುಕ್ಯರ ಗುಡಿ, ಹೊರಗೋಡೆ ತುಂಬಾ ಮದನಿಕೆಯರು. ಅವರಲ್ಲಿ ಒಬ್ಬಳು ಕನ್ನಡಿ ಹಿಡಿದಿಲ್ಲ, ಕುಣಿಯುತ್ತಿಲ್ಲ. ಕಲ್ಲಿನ ಮೇಲೆ ಶಾಸನ ಬರೆಯುತ್ತಿದ್ದಾಳೆ. ಬರೆಯುತ್ತಿರುವುದು ಆರನೇ ವಿಕ್ರಮಾದಿತ್ಯನ ಹೊಗಳಿಕೆ. ಬೆನ್ನು ಬಾಗಿಸಿ, ಕೈ ಎತ್ತಿ, ತನ್ನ ಪಾಡಿಗೆ ತಾನು.

ಇನ್ನು ಸಣ್ಣಪುಟ್ಟ ವಿಷಯ. ಬೆಂಗಳೂರಿನಿಂದ ರಾತ್ರಿ ರೈಲು ಇದೆ, ಹಿರಿಯರಿಗೆ ಅದೇ ಆರಾಮ. ಹೈದರಾಬಾದಿನಿಂದ ಬಂದರೆ ರಸ್ತೆಯಲ್ಲಿ ಮೂರು ಗಂಟೆ. ಏಪ್ರಿಲ್, ಮೇ ಬೇಡ, ಕೋಟೆಯೊಳಗೆ ನೆರಳೇ ಇಲ್ಲ. ಮಧ್ಯಾಹ್ನ ಖಾನಾವಳಿಗೆ ಹೋಗಿ ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ ತಿನ್ನಿ. ಎಳ್ಳಮಾವಾಸ್ಯೆ ಹೊತ್ತಿಗೆ ಹೋದರೆ ಹೊಲದಲ್ಲೇ ಪೂಜೆ ಮಾಡಿ ಉಣ್ಣಲು ಹೋದ ಅರ್ಧ ಊರು ಅಲ್ಲೇ ಇರುತ್ತದೆ, ಅಂಗಡಿ ಮುಚ್ಚಿದ್ದಾವೆ ಅಂತ ಬೇಜಾರಾಗಬೇಡಿ. ಯಾರಾದರೂ "ಬರ್ರಿ, ಭಜ್ಜಿ ಉಣ್ರಿ" ಅಂತ ಹೊಲಕ್ಕೆ ಕರೆದರೆ ಸಂಕೋಚ ಮಾಡದೆ ಹೋಗಿ. ಇಲ್ಲಿ ಭಜ್ಜಿ ಅಂದರೆ ಎಣ್ಣೆಯಲ್ಲಿ ಕರಿದದ್ದಲ್ಲ, ಕಾಳು, ಸೊಪ್ಪು, ತರಕಾರಿ ಸೇರಿಸಿ ಬೇಯಿಸಿದ ಪಲ್ಯ. ಅಂಬಲಿ ಎರಡನೇ ಸಲ ಹಾಕಿಸಿಕೊಳ್ಳುವಾಗ ಮಾತ್ರ ಹುಷಾರು, ಮಧ್ಯಾಹ್ನ ನಿದ್ದೆ ಗ್ಯಾರಂಟಿ.