ಸೆಟ್ ಆಮೇಲೆ, ಮೊದಲು ಕಿವಿ: ಹ್ಯಾಮ್ ರೇಡಿಯೊ ಪ್ರಶ್ನೋತ್ತರ

ಈ ಸಲ ಬಂದ ಪತ್ರಗಳಲ್ಲಿ ಹ್ಯಾಮ್ ರೇಡಿಯೊ ಬಗ್ಗೆ ಕೇಳಿದವರೇ ಜಾಸ್ತಿ. ಲೈಸೆನ್ಸ್ ಪಡೆದು, ಹವ್ಯಾಸಕ್ಕಾಗಿ ರೇಡಿಯೊ ಸೆಟ್‌ನಲ್ಲಿ ದೂರದವರ ಜೊತೆ ಮಾತಾಡುವುದೇ ಹ್ಯಾಮ್ ರೇಡಿಯೊ, ಹಾಗೆ ಮಾತಾಡುವವರು ಹ್ಯಾಮ್‌ಗಳು. ಅದಕ್ಕೇ ಪೂರ್ತಿ ಅಂಕಣವನ್ನು ಅದಕ್ಕೇ ಬಿಟ್ಟಿದ್ದೇನೆ. ನನಗೂ ಇದು ಬಹಳ ವರ್ಷದ ಹುಚ್ಚು, ಹಾಗಾಗಿ ಕೆಲವು ಉತ್ತರಗಳು ಉದ್ದವಾಗಿವೆ.

ಪ್ರಶ್ನೆ: ಸರ್, ಎರಡೂವರೆ ಸಾವಿರಕ್ಕೆ ಆನ್‌ಲೈನ್‌ನಲ್ಲಿ ಬಾವೋಫೆಂಗ್ ಯುವಿ-5ಆರ್ ಅನ್ನುವ ಒಂದು ವಾಕಿಟಾಕಿ ತರಿಸಿದೆ. ಚಾರ್ಜ್ ಮಾಡಿಟ್ಟಿದ್ದೇನೆ. ಗುಂಡಿ ಒತ್ತಿ ಮಾತಾಡಬಹುದಾ? ಯಾರು ಸಿಗುತ್ತಾರೆ? (ಡಿಪ್ಲೊಮಾ ವಿದ್ಯಾರ್ಥಿ, ಹಾಸನ)

ಒತ್ತಬೇಡಿ. ಲೈಸೆನ್ಸ್ ಬರುವವರೆಗೆ ಆ ಗುಂಡಿ ಮುಟ್ಟಲೇಬೇಡಿ.

ಯಾಕೆ ಅಂತ ಹೇಳುತ್ತೇನೆ. ಆ ಸೆಟ್ 136ರಿಂದ 174 ಮೆಗಾಹರ್ಟ್ಸ್‌ವರೆಗೂ, 400ರಿಂದ 520ರವರೆಗೂ ಹೋಗುತ್ತದೆ. ನಮ್ಮ ದೇಶದಲ್ಲಿ ಹ್ಯಾಮ್‌ಗಳಿಗೆ ಅಲ್ಲಿ ಕೊಟ್ಟಿರುವುದು 144ರಿಂದ 146, ಮತ್ತೆ 434ರಿಂದ 438, ಅಷ್ಟೇ. ಉಳಿದ ಜಾಗದಲ್ಲಿ ಬೇರೆ ಇಲಾಖೆಗಳು, ಬೇರೆ ಸೇವೆಗಳು ಇವೆ. ಸೆಟ್‌ಗೆ ಅದೆಲ್ಲ ಗೊತ್ತಿಲ್ಲ, ನೀವು ಯಾವ ನಂಬರ್ ಒತ್ತಿದರೂ ಅದರಲ್ಲೇ ಹೊರಟುಬಿಡುತ್ತದೆ. ಯಾವುದೋ ತುರ್ತು ಮಾತಿನ ಮಧ್ಯೆ ನಿಮ್ಮ "ಹಲೋ ಹಲೋ" ಹೋಗಿ ಬಿದ್ದರೆ ಏನಾಗಬಹುದು, ಯೋಚಿಸಿ.

ಇನ್ನೊಂದು ವಿಷಯ, ಇದನ್ನು ಅಂಗಡಿಯವರು ಯಾರೂ ಹೇಳುವುದಿಲ್ಲ. 1933ರ ವೈರ್‌ಲೆಸ್ ಕಾಯ್ದೆಯ ಕಾಲದಿಂದಲೂ ನಮ್ಮಲ್ಲಿ ಇಂಥ ಸೆಟ್ ಬಳಸುವುದಕ್ಕೆ ಮಾತ್ರ ಅಲ್ಲ, ಮನೆಯಲ್ಲಿ ಇಟ್ಟುಕೊಳ್ಳುವುದಕ್ಕೂ ಲೈಸೆನ್ಸ್ ಬೇಕು. 2025ರಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಆನ್‌ಲೈನ್ ಮಾರಾಟ ತಾಣಗಳಿಗೆ ಇದೇ ವಿಚಾರಕ್ಕೆ ನೋಟಿಸ್ ಕೊಟ್ಟಿತು. ಲೈಸೆನ್ಸ್ ಬೇಕು ಅನ್ನುವ ಮಾತೇ ಇಲ್ಲದೆ ವಾಕಿಟಾಕಿ ಮಾರುತ್ತಿದ್ದರು ಅನ್ನುವುದು ದೂರು. ಲೈಸೆನ್ಸ್ ಬೇಡದ ವಾಕಿಟಾಕಿಗಳೂ ಇವೆ. ಅವು 446.0ರಿಂದ 446.2 ಮೆಗಾಹರ್ಟ್ಸ್‌ನಲ್ಲಿ ಮಾತ್ರ ನಡೆಯುವ, ಕಡಿಮೆ ಶಕ್ತಿಯ ಸೆಟ್‌ಗಳು. ನಿಮ್ಮದು ಆ ಗುಂಪಿಗೆ ಸೇರುವುದಿಲ್ಲ.

ಹಾಗಾಗಿ ವಾಪಸ್ ಮಾಡಲು ದಿನ ಉಳಿದಿದ್ದರೆ ಮಾಡಿಬಿಡಿ. ಇಲ್ಲದಿದ್ದರೆ ಲೈಸೆನ್ಸ್ ಇರುವ ಹ್ಯಾಮ್ ಒಬ್ಬರನ್ನು ಹುಡುಕಿ ಅವರ ಕೈಗೆ ಕೊಡಿ. ನಿಮ್ಮ ಆಸೆ ತಪ್ಪಲ್ಲ, ಅದನ್ನು ಬಿಡಬೇಡಿ. ದಾರಿ ಸ್ವಲ್ಪ ಹಿಂದುಮುಂದಾಗಿದೆ ಅಷ್ಟೇ. ಮೊದಲು ಕೇಳಬೇಕು, ಆಮೇಲೆ ಪರೀಕ್ಷೆ, ಆಮೇಲೆ ಸೆಟ್.

ಕೇಳುವುದಕ್ಕೆ ದುಡ್ಡೇ ಬೇಡ. ವೆಬ್‌ಎಸ್‌ಡಿಆರ್ ಅಂತ ಮೊಬೈಲ್‌ನಲ್ಲಿ ಹುಡುಕಿ. ಯಾರೋ ತಮ್ಮ ಮನೆ ಅಥವಾ ಕಾಲೇಜಿನ ಆಂಟೆನಾಗೆ ರಿಸೀವರ್ ಕಟ್ಟಿ ಇಂಟರ್‌ನೆಟ್‌ಗೆ ಬಿಟ್ಟಿರುತ್ತಾರೆ. ನೆದರ್ಲೆಂಡ್ಸ್‌ನ ಟ್ವೆಂಟೆ ವಿಶ್ವವಿದ್ಯಾಲಯದ್ದು ಬಹಳ ಹೆಸರು ಮಾಡಿದ್ದು. ನಮ್ಮ ಕಡೆಯ ಮಾತು ಬೇಕಾದರೆ ಭಾರತದಲ್ಲಿರುವ ರಿಸೀವರ್ ಆರಿಸಿ, ಬೆಳಗ್ಗೆ ಹೊತ್ತು 7.0ರಿಂದ 7.2 ಮೆಗಾಹರ್ಟ್ಸ್ ನಡುವೆ ಎಲ್‌ಎಸ್‌ಬಿ ಅನ್ನುವ ವಿಧಾನ ಇಟ್ಟು ನಿಧಾನಕ್ಕೆ ತಿರುಗಿಸಿ. ಮೊದಲ ದಿನ ಬಾತುಕೋಳಿ ಕೂಗಿದ ಹಾಗೆ ಕೇಳುತ್ತದೆ. ಸ್ವಲ್ಪ ಸ್ವಲ್ಪವೇ ಜರುಗಿಸಿದರೆ ಮನುಷ್ಯರ ದನಿ ಆಗುತ್ತದೆ. ಒಂದು ತಿಂಗಳು ಹೀಗೆ ಕೇಳಿದವರಿಗೆ ಪರೀಕ್ಷೆಯ ಅರ್ಧ ಪಾಠ ತಾನಾಗಿ ತಲೆಗೆ ಹತ್ತಿರುತ್ತದೆ.

ಪ್ರಶ್ನೆ: ನನಗೆ 61 ವರ್ಷ, ನಿವೃತ್ತ ಕನ್ನಡ ಶಿಕ್ಷಕ. ಈ ವಯಸ್ಸಿನಲ್ಲಿ ಪರೀಕ್ಷೆ ಬರೆಯಬಹುದೇ? ಮೋರ್ಸ್ (ಕಟ್ಟು-ಕಡ ಶಬ್ದದ ಸಂಕೇತ ಲಿಪಿ) ಕಲಿಯಲೇಬೇಕೇ? ವಿಜ್ಞಾನ ಓದಿದವನಲ್ಲ. (ಓದುಗರೊಬ್ಬರು, ತೀರ್ಥಹಳ್ಳಿ)

ಖಂಡಿತ ಬರೆಯಬಹುದು ಮೇಷ್ಟ್ರೇ. 12 ವರ್ಷ ತುಂಬಿರಬೇಕು, ಅದೊಂದೇ ವಯಸ್ಸಿನ ಲೆಕ್ಕ. ವಿಜ್ಞಾನದ ಡಿಗ್ರಿ ಏನೂ ಕೇಳುವುದಿಲ್ಲ.

ಪರೀಕ್ಷೆ ನಡೆಸುವುದು ಕೇಂದ್ರ ದೂರಸಂಪರ್ಕ ಇಲಾಖೆಯಲ್ಲಿ ವೈರ್‌ಲೆಸ್ ವಿಚಾರ ನೋಡಿಕೊಳ್ಳುವ ಡಬ್ಲ್ಯುಪಿಸಿ ವಿಭಾಗ. ಪರೀಕ್ಷೆಯ ಹೆಸರು ಎಎಸ್‌ಒಸಿ, ಅಂದರೆ ಹ್ಯಾಮ್ ಸೆಟ್ ನಡೆಸುವವರ ಅರ್ಹತಾ ಪರೀಕ್ಷೆ. ಎರಡು ದರ್ಜೆ ಇದೆ, ರೆಸ್ಟ್ರಿಕ್ಟೆಡ್ ಮತ್ತು ಜನರಲ್. ರೆಸ್ಟ್ರಿಕ್ಟೆಡ್‌ಗೆ ಮೋರ್ಸ್ ಇಲ್ಲ, ಬರೆಯುವ ಪರೀಕ್ಷೆ ಮಾತ್ರ. ಪಾಸಾದವರಿಗೆ ವಿಯು3 ಅಂತ ಶುರುವಾಗುವ ಕಾಲ್‌ಸೈನ್, ಅಂದರೆ ಗಾಳಿಯಲ್ಲಿ ಗುರುತಿಸುವ ಹೆಸರು, ಸಿಗುತ್ತದೆ. ಜನರಲ್‌ಗೆ ಬರಹದ ಜೊತೆ ಮೋರ್ಸ್ ಕೂಡ ಬೇಕು, ನಿಮಿಷಕ್ಕೆ 8 ಪದ ಕೇಳಿ ಬರೆದುಕೊಳ್ಳಬೇಕು, 8 ಪದ ಮೋರ್ಸ್ ಕೀ ಅನ್ನುವ ಒತ್ತುಗುಂಡಿಯಲ್ಲಿ ಬಡಿಯಬೇಕು. ಅವರದು ವಿಯು2. ರಾಜೀವ್ ಗಾಂಧಿ ಅವರ ವಿಯು2ಆರ್‌ಜಿ ಬಗ್ಗೆ ಕೇಳಿರಬಹುದು. ಪ್ರಧಾನಿಯಾದರೂ ಗಾಳಿಯಲ್ಲಿ ಅವರ ಗುರುತು ಆ ಐದು ಅಕ್ಷರವೇ.

ನನ್ನ ಸಲಹೆ ಕೇಳಿದರೆ ಮೊದಲು ರೆಸ್ಟ್ರಿಕ್ಟೆಡ್ ಬರೆಯಿರಿ. ಹೆಸರು ಕೇಳಿ ಬೇಜಾರಾಗಬೇಡಿ. ಅದರಲ್ಲೂ ಎಚ್‌ಎಫ್, ಅಂದರೆ ದೂರ ದೂರಕ್ಕೆ ಹೋಗುವ ಅಲೆಗಳ ಬ್ಯಾಂಡ್‌ಗಳಲ್ಲಿ (ಹ್ಯಾಮ್‌ಗಳಿಗೆ ಬಿಟ್ಟ ಮೆಗಾಹರ್ಟ್ಸ್ ಪಟ್ಟಿಗಳಲ್ಲಿ) 50 ವ್ಯಾಟ್‌ವರೆಗೆ ಮಾತಾಡಬಹುದು. 50 ವ್ಯಾಟ್ ಮತ್ತು ಒಳ್ಳೆ ಆಂಟೆನಾ ಇದ್ದರೆ ಯುರೋಪ್, ಜಪಾನ್ ಎಲ್ಲ ಸಿಗುತ್ತವೆ.

ಪ್ರಶ್ನೆಪತ್ರಿಕೆಯಲ್ಲಿ ಎರಡು ಭಾಗ. ಒಂದು ರೇಡಿಯೊದ ತಿಳಿವಳಿಕೆ: ಓಮ್‌ನ ನಿಯಮ, ಕೆಪಾಸಿಟರ್, ಕಾಯಿಲ್, ಡಯೋಡ್, ಆಂಟೆನಾ, ಅಯಾನುಗೋಳದಲ್ಲಿ (ಆಕಾಶದ ಎತ್ತರದಲ್ಲಿರುವ ವಿದ್ಯುತ್ ಕಣಗಳ ಪದರದಲ್ಲಿ) ಅಲೆ ಹೇಗೆ ಬಾಗುತ್ತದೆ, ಇಂಥವು. ಇನ್ನೊಂದು ನಿಯಮಗಳು: ಯಾವ ಬ್ಯಾಂಡ್ ಎಲ್ಲಿಂದ ಎಲ್ಲಿಗೆ, ಕ್ಯೂ ಕೋಡ್ (ಕ್ಯೂ ಅಕ್ಷರದಿಂದ ಶುರುವಾಗುವ ಚುಟುಕು ಸಂಕೇತಗಳು), ಮಾತಾಡಿದ್ದನ್ನು ದಾಖಲಿಸುವ ಲಾಗ್ ಪುಸ್ತಕ, ಏನು ಮಾತಾಡಬಾರದು ಇತ್ಯಾದಿ. ವ್ಯಾಪಾರದ ಮಾತು, ಹಾಡು ಹಾಕುವುದು, ಗುಪ್ತ ಸಂಕೇತ ಎಲ್ಲ ನಿಷಿದ್ಧ. ಎರಡೂ ಭಾಗದಲ್ಲಿ ಬೇರೆ ಬೇರೆಯಾಗಿ ಪಾಸಾಗಬೇಕು. ತುಂಬ ಜನ ಮೊದಲ ಭಾಗಕ್ಕೆ ಹೆದರಿ ಅದನ್ನೇ ಉರು ಹೊಡೆಯುತ್ತಾರೆ, ಎರಡನೆಯದು ಸುಲಭ ಅಂತ ಬಿಟ್ಟು ಅಲ್ಲೇ ಎಡವುತ್ತಾರೆ. ನೀವು ವ್ಯಾಕರಣ ಕಲಿಸಿದವರು. ನಿಯಮ ನೆನಪಿಟ್ಟುಕೊಳ್ಳುವುದು ನಿಮಗೆ ಕಷ್ಟವಾಗಲಿಕ್ಕಿಲ್ಲ. ಪಾರಿಭಾಷಿಕ ಪದಗಳನ್ನು ಮಾತ್ರ ಇಂಗ್ಲಿಷ್‌ನಲ್ಲೇ ಗುರುತು ಮಾಡಿಕೊಳ್ಳಿ, ಅರ್ಥ ಕನ್ನಡದಲ್ಲಿ ಪಕ್ಕಕ್ಕೆ ಬರೆದಿಟ್ಟುಕೊಳ್ಳಿ.

ಅರ್ಜಿ ಹಾಕುವುದು ಸರಳ್ ಸಂಚಾರ್ ಅನ್ನುವ ಸರ್ಕಾರಿ ಜಾಲತಾಣದಲ್ಲಿ. ಇಲ್ಲಿ ಒಂದು ಗೊಂದಲ ಎಲ್ಲರಿಗೂ ಆಗುತ್ತದೆ. ಪರೀಕ್ಷೆ ಪಾಸಾದಾಗ ಸಿಗುವುದು ಸರ್ಟಿಫಿಕೇಟ್. ಅದು ಲೈಸೆನ್ಸ್ ಅಲ್ಲ. ಅದನ್ನು ಇಟ್ಟುಕೊಂಡು ಮತ್ತೆ ಲೈಸೆನ್ಸ್‌ಗೆ ಅರ್ಜಿ ಹಾಕಬೇಕು, ಕಾಲ್‌ಸೈನ್ ಬರುವುದು ಆಗಲೇ. ಬಹಳ ವರ್ಷಗಳಿಂದ ಇರುವ ದರದ ಪ್ರಕಾರ ಪರೀಕ್ಷೆಗೆ 100 ರೂಪಾಯಿ, 20 ವರ್ಷದ ಲೈಸೆನ್ಸ್‌ಗೆ 1,000, ಜೀವನಪೂರ್ತಿಗೆ 2,000. ಹಣ ಕಟ್ಟುವ ದಿನ ತಾಣದಲ್ಲಿ ಇನ್ನೊಮ್ಮೆ ನೋಡಿಕೊಳ್ಳಿ. ಪರಿಶೀಲನೆಗೆ ತಿಂಗಳುಗಳೇ ಹಿಡಿಯಬಹುದು, ತಾಳ್ಮೆ ಇರಲಿ.

ಪಾಠಕ್ಕೆ ಬೆಂಗಳೂರಿನಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹ್ಯಾಮ್ಸ್ ಇದೆ, ಬೆಂಗಳೂರು ಅಮೆಚೂರ್ ರೇಡಿಯೊ ಕ್ಲಬ್ ಇದೆ. ಅಲ್ಲಿ ವಿಚಾರಿಸಿದರೆ ನಿಮ್ಮ ಜಿಲ್ಲೆಯ ಹಳೆ ಹ್ಯಾಮ್‌ಗಳ ಪರಿಚಯವೂ ಆಗಬಹುದು. ಪುಸ್ತಕಕ್ಕಿಂತ ಅಂಥ ಒಬ್ಬ ಹಿರಿಯರ ಜೊತೆ ಎರಡು ಭಾನುವಾರ ಕೂರುವುದು ಹೆಚ್ಚು. ನನಗೂ ಕಲಿಸಿದ್ದು ಹಾಗೇ ಒಬ್ಬರು. ಒಂದು ಪೈಸೆ ತಗೊಳ್ಳಲಿಲ್ಲ, ಕಾಫಿ ಬೇರೆ ಅವರ ಮನೆಯದ್ದೇ.

ಪ್ರಶ್ನೆ: ಗಗನಯಾತ್ರಿ ಶುಭಾಂಶು ಶುಕ್ಲಾ ಅಂತರಿಕ್ಷದಿಂದ ರೇಡಿಯೊದಲ್ಲಿ ಮಾತಾಡಿದ್ದು ನೋಡಿದಾಗಿಂದ ಮಗನಿಗೆ ಇದೇ ಧ್ಯಾನ. 11 ವರ್ಷ. ಅವನಿಗೆ ಈಗ ಏನು ಕೊಡಿಸಲಿ? (ಗೃಹಿಣಿ, ಮೈಸೂರು)

ಎಷ್ಟು ಒಳ್ಳೆ ಧ್ಯಾನ ಅಲ್ವಾ! 2025ರ ಜುಲೈ 4ರಂದು ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ಕೂತಿದ್ದ ಮಕ್ಕಳ ಜೊತೆ ಅವರು ಮಾತಾಡಿದ್ದು ಹ್ಯಾಮ್ ರೇಡಿಯೊದಲ್ಲೇ. ಬೆಂಗಳೂರಿಗೆ ಈ ನಂಟು ಹಳೆಯದು. 2005ರ ಮೇ 5ರಂದು ಇಸ್ರೋ ಹ್ಯಾಮ್‌ಸ್ಯಾಟ್ ಅನ್ನುವ 42.5 ಕೆಜಿಯ ಪುಟ್ಟ ಉಪಗ್ರಹವನ್ನು ಹ್ಯಾಮ್‌ಗಳಿಗೆಂದೇ ಹಾರಿಸಿತ್ತು. 2014ರವರೆಗೆ ಅದು ಕೆಲಸ ಮಾಡಿತು. ಅದರ ಮೂಲಕ ಮೊದಲ ಸಲ ನನ್ನದೇ ದನಿ ಮೇಲಿಂದ ವಾಪಸ್ ಕೇಳಿದ ಸಂಜೆ ನನಗೆ ಇನ್ನೂ ನೆನಪಿದೆ.

ಪರೀಕ್ಷೆಗೆ ಅವನಿಗೆ ಇನ್ನೊಂದು ವರ್ಷ ಇದೆ, ಅಷ್ಟರಲ್ಲಿ ಕೇಳುವುದನ್ನು ಕಲಿಯಲಿ. ಅಂತರಿಕ್ಷ ನಿಲ್ದಾಣದ ಹ್ಯಾಮ್ ದನಿ 145.800 ಮೆಗಾಹರ್ಟ್ಸ್‌ನಲ್ಲಿ, ಎಫ್‌ಎಂ ವಿಧಾನದಲ್ಲಿ ಬರುತ್ತದೆ. ನಿಲ್ದಾಣ ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ ಹಾದುಹೋಗುತ್ತದೆ, ಒಂದು ಸಲಕ್ಕೆ ಹತ್ತು ನಿಮಿಷ ಸಿಕ್ಕರೆ ಹೆಚ್ಚು. ಯಾವಾಗ ನಿಮ್ಮ ಊರ ಮೇಲೆ ಬರುತ್ತದೆ ಅಂತ ತೋರಿಸುವ ಆ್ಯಪ್‌ಗಳಿವೆ. ಕೆಲವೊಮ್ಮೆ ಅಲ್ಲಿಂದ ಚಿತ್ರಗಳನ್ನೂ ಶಬ್ದದ ರೂಪದಲ್ಲಿ ಕಳಿಸುತ್ತಾರೆ. ಆ ಕೀಚು ಶಬ್ದವನ್ನು ಮೊಬೈಲ್ ಆ್ಯಪ್‌ಗೆ ಕೇಳಿಸಿದರೆ ಪರದೆಯ ಮೇಲೆ ಗೆರೆ ಗೆರೆಯಾಗಿ ಚಿತ್ರ ಮೂಡುತ್ತದೆ. ಮಕ್ಕಳ ಮುಖ ನೋಡಬೇಕು ಆಗ! ಕೊಡಿಸಲೇಬೇಕು ಅಂದರೆ ಹತ್ತಿರದ ಕ್ಲಬ್‌ಗೆ ಒಮ್ಮೆ ಕರೆದುಕೊಂಡು ಹೋಗುವ ಬಸ್ ಟಿಕೆಟ್ ಕೊಡಿಸಿ. ಲೈಸೆನ್ಸ್ ಇರುವವರು ಪಕ್ಕದಲ್ಲಿ ಕೂರಿಸಿಕೊಂಡು ನಿಲ್ದಾಣದ ದನಿ ಹಿಡಿದು ಕೇಳಿಸುತ್ತಾರೆ.

ಪ್ರಶ್ನೆ: ಲೈಸೆನ್ಸ್ ಕೈಗೆ ಬಂತು. ಬಜೆಟ್ ಹತ್ತು ಸಾವಿರದ ಆಸುಪಾಸು. ಯಾವ ಸೆಟ್ ತಗೊಳ್ಳಲಿ? ನಮ್ಮೂರ ಸುತ್ತ ಗುಡ್ಡ. (ಎಲೆಕ್ಟ್ರಿಷಿಯನ್, ಶಿರಸಿ)

ಶುಭಾಶಯ! ಸೆಟ್‌ಗಿಂತ ಮೊದಲು ಆಂಟೆನಾಗೆ ದುಡ್ಡು ಎತ್ತಿಡಿ. ಇದನ್ನು ನಾನು ಎಲ್ಲರಿಗೂ ಹೇಳುತ್ತೇನೆ, ಯಾರೂ ಮೊದಲ ಸಲ ನಂಬುವುದಿಲ್ಲ.

ಹ್ಯಾಂಡಿ ಸೆಟ್ ಎರಡು-ಮೂರು ಸಾವಿರಕ್ಕೆ ಸಿಗುತ್ತದೆ, 4-5 ವ್ಯಾಟ್. ಆದರೆ 145 ಮೆಗಾಹರ್ಟ್ಸ್ ಅಲೆ ಹೆಚ್ಚುಕಡಿಮೆ ಕಣ್ಣಿಗೆ ಕಾಣುವಷ್ಟೇ ದೂರ ಹೋಗುತ್ತದೆ. ಗುಡ್ಡ ಅಡ್ಡ ಬಂದರೆ ಮುಗಿಯಿತು. ಹತ್ತಿರದ ಎತ್ತರದಲ್ಲಿ ರಿಪೀಟರ್ (ಮಾತನ್ನು ಹಿಡಿದು ಮತ್ತೆ ದೂರಕ್ಕೆ ಕಳಿಸುವ ಸೆಟ್) ಇದ್ದು, ಅದು ನಿಮ್ಮ ಮನೆಗೆ ಕೇಳುವುದಾದರೆ ಮಾತ್ರ ಹ್ಯಾಂಡಿ ತಗೊಳ್ಳಿ. ತಗೊಂಡರೂ ಅದರ ಮೇಲಿನ ಗಿಡ್ಡ ರಬ್ಬರ್ ಆಂಟೆನಾ ನಂಬಬೇಡಿ. ಬದಲಿಗೆ ನೀವೇ ಒಂದು ಆಂಟೆನಾ ಮಾಡಿಕೊಳ್ಳಿ: ತಾಮ್ರದ ತಂತಿಯ ಐದು ತುಂಡು, ಒಂದೊಂದೂ ಸುಮಾರು ಅರ್ಧ ಮೀಟರ್. ಒಂದು ನೆಟ್ಟಗೆ ಮೇಲಕ್ಕೆ, ನಾಲ್ಕು ಓರೆಯಾಗಿ ಕೆಳಕ್ಕೆ, ನಡುವೆ ಒಂದು ಕನೆಕ್ಟರ್. ಮಾಡಿನ ಮೇಲೆ ಏರಿಸಿ, ಕೇಬಲ್ ಆದಷ್ಟು ಗಿಡ್ಡ ಇಡಿ. ತೆಳು ಆರ್‌ಜಿ-58 ಕೇಬಲ್ 15-20 ಮೀಟರ್ ಎಳೆದರೆ ಈ ಬ್ಯಾಂಡ್‌ನಲ್ಲಿ ಹತ್ತಿರ ಹತ್ತಿರ ಅರ್ಧ ಶಕ್ತಿ ದಾರಿಯಲ್ಲೇ ಕರಗುತ್ತದೆ.

ಗುಡ್ಡದ ಊರಿಗೆ ನಿಜವಾದ ಉತ್ತರ 7 ಮೆಗಾಹರ್ಟ್ಸ್, ಅಂದರೆ 40 ಮೀಟರ್ ಬ್ಯಾಂಡ್. ಅಲ್ಲಿ ಅಲೆ ನೇರ ಮೇಲಕ್ಕೆ ಹೋಗಿ ಅಯಾನುಗೋಳದಿಂದ ಮಳೆಯ ಹಾಗೆ ಕೆಳಗೆ ಬೀಳುತ್ತದೆ, ಗುಡ್ಡ ಅಡ್ಡಿಯೇ ಅಲ್ಲ. ಹಗಲಲ್ಲಿ ಬೆಂಗಳೂರು, ಹೈದರಾಬಾದ್, ಚೆನ್ನೈ ಕಡೆಯವರು ಸಿಗುತ್ತಾರೆ. ಇದಕ್ಕೆ ಡೈಪೋಲ್, ಅಂದರೆ ನಡುವೆ ಕೇಬಲ್ ಸೇರುವ ಎರಡು ತೋಳಿನ ತಂತಿ ಆಂಟೆನಾ ಕಟ್ಟಿ. ಲೆಕ್ಕ ಸುಲಭ: 143 ಅನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಒಟ್ಟು ಉದ್ದ ಮೀಟರ್‌ನಲ್ಲಿ ಬರುತ್ತದೆ. 7.1ಕ್ಕೆ ಸುಮಾರು 20 ಮೀಟರ್, ಪ್ರತಿ ತೋಳು 10. ನೀವು ವೈರಿಂಗ್ ಕೆಲಸದವರು, ಉಳಿದ ಮನೆ ವೈರೇ ಸಾಕು. ಎರಡು ಅಡಿಕೆ ಮರಗಳ ನಡುವೆ ನೈಲಾನ್ ಹಗ್ಗದಲ್ಲಿ ಎಳೆದು ಕಟ್ಟಿ. ಮೊದಲು ಒಂದು ಗೇಣು ಉದ್ದವೇ ಬಿಟ್ಟು, ಎಸ್‌ಡಬ್ಲ್ಯುಆರ್ ಮೀಟರ್ (ಆಂಟೆನಾ ಸೆಟ್‌ಗೆ ಎಷ್ಟು ಹೊಂದಿದೆ ಅಂತ ತೋರಿಸುವ ಮೀಟರ್) ನೋಡುತ್ತಾ ಸ್ವಲ್ಪ ಸ್ವಲ್ಪ ಕತ್ತರಿಸಿ. ಕತ್ತರಿಸಿದ್ದು ವಾಪಸ್ ಬರುವುದಿಲ್ಲ, ಅವಸರ ಬೇಡ. ಕರೆಂಟ್ ತಂತಿಯಿಂದ ದೂರ ಇರಿ, ಇದನ್ನು ನಿಮಗೆ ಹೇಳಬೇಕಿಲ್ಲ. ಗುಡುಗು ಮಳೆ ಬಂದರೆ ಕೇಬಲ್ ಕಿತ್ತು ಮನೆಯ ಹೊರಗೆ ಹಾಕಿ.

ಸೆಟ್‌ಗೆ ಬಂದರೆ, ಹೊಸ ಕಂಪನಿ ಸೆಟ್ ಈ ದುಡ್ಡಿಗೆ ಬರುವುದಿಲ್ಲ. ಬೇರೆ ದಾರಿ ಇದೆ. ಹೈದರಾಬಾದ್‌ನ ಅಶ್ಹರ್ ಫರ್ಹಾನ್, ವಿಯು2ಇಎಸ್‌ಇ, 2003ರ ಸುಮಾರಿಗೆ ಬಿಟ್‌ಎಕ್ಸ್ ಅನ್ನುವ ಸೆಟ್‌ನ ನಕ್ಷೆಯನ್ನು ಎಲ್ಲರಿಗೂ ಬಿಟ್ಟುಕೊಟ್ಟರು. ನಮ್ಮ ಊರಿನ ಅಂಗಡಿಗಳಲ್ಲಿ ಸಿಗುವ ಬಿಡಿಭಾಗಗಳಲ್ಲೇ ಆಗಬೇಕು ಅನ್ನುವುದು ಅವರ ಹಟ. ಕಾಯಿಲ್ ಸುತ್ತುವುದಕ್ಕೆ ನಲ್ಲಿಯ ವಾಷರ್ ಬಳಸಿದ್ದರು ಅಂದರೆ ನೋಡಿ! ಇವತ್ತು ಅದನ್ನು ಪ್ರಪಂಚದ ಎಷ್ಟೋ ಕಡೆ ಜನ ಕಟ್ಟುತ್ತಾರೆ. ನಿಮಗೆ ಸೋಲ್ಡರಿಂಗ್ ಬರುತ್ತದೆ, ಬಿಡಿಭಾಗಕ್ಕೆ ಬೆಂಗಳೂರಿನ ಎಸ್‌ಪಿ ರೋಡ್ ಇದೆ. ಕಟ್ಟಿಕೊಳ್ಳಿ. ಕೆಲವು ವ್ಯಾಟ್‌ನ ಆ ಸೆಟ್ ಸಾಲದು ಅಂತ ಯಾರಾದರೂ ಹೇಳಿದರೆ ನಂಬಬೇಡಿ, ಒಳ್ಳೆ ಡೈಪೋಲ್ ಇದ್ದರೆ ಸಾಕು. ಹಳೆ ಸೆಟ್ ಕೊಳ್ಳುವುದಾದರೆ ಎದುರಿಗೆ ಡಮ್ಮಿ ಲೋಡ್ (ಆಂಟೆನಾ ಬದಲು ಸಿಗ್ನಲ್ ಹೊರಗೆ ಹೋಗದಂತೆ ಹೀರುವ ಸಾಧನ) ಹಾಕಿ ಪರೀಕ್ಷಿಸದೆ ದುಡ್ಡು ಕೊಡಬೇಡಿ. ನಾನು ಒಮ್ಮೆ ಫೋಟೊ ನೋಡಿ ಕೊಂಡು, ಫೈನಲ್ ಟ್ರಾನ್ಸಿಸ್ಟರ್ (ಸಿಗ್ನಲ್‌ಗೆ ಕೊನೆಯ ಶಕ್ತಿ ಕೊಡುವ ಭಾಗ) ಸುಟ್ಟ ಸೆಟ್ ಮನೆಗೆ ತಂದಿದ್ದೆ.

ಪ್ರಶ್ನೆ: ಎಲ್ಲರ ಜೇಬಿನಲ್ಲೂ ಮೊಬೈಲ್ ಇರುವಾಗ ಇದು ಯಾಕೆ? (ಕಾಲೇಜು ವಿದ್ಯಾರ್ಥಿನಿ, ಮಡಿಕೇರಿ)

2004ರ ಡಿಸೆಂಬರ್‌ನಲ್ಲಿ ಭಾರತಿ ಪ್ರಸಾದ್, ವಿಯು2ಆರ್‌ಬಿಐ, ಹ್ಯಾಮ್ ತಂಡದೊಂದಿಗೆ ಪೋರ್ಟ್ ಬ್ಲೇರ್‌ನಲ್ಲಿದ್ದರು. ಅಂಡಮಾನ್‌ನಿಂದ ಪ್ರಪಂಚದ ಹ್ಯಾಮ್‌ಗಳ ಜೊತೆ ಮಾತಾಡುವುದು ಅವರ ಆಸೆಯಾಗಿತ್ತು. 26ರ ಬೆಳಗ್ಗೆ ಸುನಾಮಿ ಬಂತು. ಫೋನ್‌ಗಳು ಸತ್ತವು. ಅವರ ಸೆಟ್ ಮೂಲಕ "ನಮ್ಮವರು ಬದುಕಿದ್ದಾರಾ" ಅನ್ನುವ ಪ್ರಶ್ನೆಗೆ ಉತ್ತರ ಹೋಯಿತು. ಟವರ್‌ಗೆ ಕರೆಂಟ್ ಬೇಕು, ಕೇಬಲ್ ಬೇಕು. ಹ್ಯಾಮ್‌ಗೆ ಒಂದು ಬ್ಯಾಟರಿ, ಒಂದು ತಂತಿ ಸಾಕು. ಮಳೆಗಾಲದಲ್ಲಿ ನೆಟ್‌ವರ್ಕ್ ಹೋದರೆ ಏನು ಕಷ್ಟ ಅಂತ ಕೊಡಗಿನವರಿಗೆ ನಾನು ಬಿಡಿಸಿ ಹೇಳಬೇಕೇ?

ಪ್ರಶ್ನೆ: ಮೊದಲ ಸಲ ಮೈಕ್ ಹಿಡಿದಾಗ ಏನು ಹೇಳಬೇಕು? ಕೈ ನಡುಗುತ್ತದೆ. (ಹೊಸ ವಿಯು3, ದಾವಣಗೆರೆ)

ಎಲ್ಲರದೂ ನಡುಗುತ್ತದೆ. ಮೊದಲು ಐದು ನಿಮಿಷ ಸುಮ್ನೆ ಕೇಳಿ. ಆ ಜಾಗ ಖಾಲಿ ಅನಿಸಿದರೆ "ಈ ಫ್ರೀಕ್ವೆನ್ಸಿ ಯಾರಾದರೂ ಬಳಸುತ್ತಿದ್ದೀರಾ?" ಅಂತ ಕೇಳಿ ಕಾಯಿರಿ. ಉತ್ತರ ಇಲ್ಲದಿದ್ದರೆ "ಸಿಕ್ಯೂ ಸಿಕ್ಯೂ" (ಯಾರಾದರೂ ಬನ್ನಿ ಅನ್ನುವ ಕರೆ) ಅಂತ ಎರಡು-ಮೂರು ಸಲ, ಆಮೇಲೆ ನಿಮ್ಮ ಕಾಲ್‌ಸೈನ್‌ನ ಒಂದೊಂದು ಅಕ್ಷರಕ್ಕೂ ಒಂದು ಪದ ಹೇಳಿ ಬಿಡಿಸಿ: ವಿಕ್ಟರ್ ಯೂನಿಫಾರ್ಮ್ ತ್ರೀ, ಮುಂದಿನ ಅಕ್ಷರಗಳು. ಗುಂಡಿ ಬಿಡಿ. ಯಾರಾದರೂ ಬಂದರೆ ಅವರ ಸಿಗ್ನಲ್ ಹೇಗಿದೆ ಹೇಳಿ, ಹೆಸರು ಮತ್ತು ಊರು ಹೇಳಿ. ಕನ್ನಡದವರು ಸಿಕ್ಕರೆ ಕನ್ನಡದಲ್ಲೇ ಮಾತಾಡಿ. ಬೀಳ್ಕೊಡುವಾಗ "73" ಅನ್ನಿ, ಶುಭಾಶಯ ಅಂತ ಅದರ ಅರ್ಥ. ಮಾತು ಮುಗಿದ ತಕ್ಷಣ ದಿನಾಂಕ, ಸಮಯ, ಫ್ರೀಕ್ವೆನ್ಸಿ, ಅವರ ಕಾಲ್‌ಸೈನ್ ಲಾಗ್ ಪುಸ್ತಕದಲ್ಲಿ ಬರೆಯಿರಿ. ಅಕ್ಷರ ಸೊಟ್ಟಗೆ ಬಂದರೂ ಆ ಮೊದಲ ಸಾಲನ್ನು ತಿದ್ದಿ ಬರೆಯಬೇಡಿ, ಹಾಗೇ ಇರಲಿ.