ಒಂದೇ ಇಂಜೆಕ್ಷನ್, ಒಂದು ದಿನ ಅರ್ಧ ಎಂಎಲ್, ಮರುದಿನ ಎರಡೂವರೆ: ಯಾವುದು ಸರಿ?

ಪ್ರಶ್ನೆ: ಎಂಟು ತಿಂಗಳ ಮಗಳನ್ನು (ತೂಕ 8 ಕೆ.ಜಿ.) ನ್ಯುಮೋನಿಯಾ ಎಂದು ಅಡ್ಮಿಟ್ ಮಾಡಿದ್ದೆವು. ಅಮಿಕಾಸಿನ್ ಎಂಬ ಆ್ಯಂಟಿಬಯೋಟಿಕ್ ಇಂಜೆಕ್ಷನ್ ಒಂದು ದಿನ ಅರ್ಧ ಎಂಎಲ್ ಕೊಟ್ಟರು, ಮರುದಿನ ಹತ್ತಿರಹತ್ತಿರ ಎರಡೂವರೆ ಎಂಎಲ್. ಕೇಳಿದರೆ ‘ಡೋಸ್ ಅದೇ’ ಎಂದರು. ಇದು ತಪ್ಪಲ್ಲವೇ? ನಾವು ಏನು ನೋಡಿಕೊಳ್ಳಬೇಕು?

ಉತ್ತರ: ಎರಡೂ ಸರಿಯಿದ್ದಿರಬಹುದು. ಅಮಿಕಾಸಿನ್ ಸಾಮಾನ್ಯವಾಗಿ ಕೆ.ಜಿ.ಗೆ ದಿನಕ್ಕೆ 15 ಮಿಲಿಗ್ರಾಂ. ನಿಮ್ಮ ಮಗುವಿಗೆ 120. ಇದರ 2 ಎಂಎಲ್ ವಯಲ್ (ಇಂಜೆಕ್ಷನ್ ಔಷಧದ ಪುಟ್ಟ ಬಾಟಲಿ) 100 ಮಿಲಿಗ್ರಾಂನದೂ ಸಿಗುತ್ತದೆ, 500ರದೂ ಸಿಗುತ್ತದೆ. 500ರಿಂದ ತೆಗೆದರೆ 0.48 ಎಂಎಲ್ ಸಾಕು. 100ರಿಂದಾದರೆ ಎರಡು ವಯಲ್ ಒಡೆದು 2.4 ಎಂಎಲ್ ತೆಗೆಯಬೇಕು. ಅಪಾಯವೂ ಇಲ್ಲೇ ಇದೆ. ನಿನ್ನೆಯ 2.4 ತಲೆಯಲ್ಲಿ ಉಳಿದು ಇಂದು 500ರ ವಯಲ್‌ಗಳಿಂದ ಅಷ್ಟೇ ಎಳೆದರೆ 600 ಮಿಲಿಗ್ರಾಂ, ಅಂದರೆ ಐದು ಪಟ್ಟು. ಅದು ಮೂತ್ರಪಿಂಡಕ್ಕೂ ಕಿವಿಗೂ ಪೆಟ್ಟು ಕೊಡಬಲ್ಲದು. ಹೋದ ಶ್ರವಣಶಕ್ತಿ ಬಹುಪಾಲು ಮರಳುವುದಿಲ್ಲ. ಅದಕ್ಕೇ ಕೇಸ್ ಶೀಟಿನಲ್ಲಿ ಬರೀ ಎಂಎಲ್ ಬರೆಯಬಾರದು. ಮೊದಲು ಮಿಲಿಗ್ರಾಂ, ಆಮೇಲೆ ವಯಲ್‌ನ ಶಕ್ತಿ, ಕೊನೆಗೆ ಎಂಎಲ್.

ದೊಡ್ಡವರಿಗೆ ಎಷ್ಟೋ ಔಷಧಗಳಲ್ಲಿ ಒಂದು ವಯಲ್ ಎಂದರೆ ಒಂದು ಡೋಸ್. ಮಗುವಿಗೆ ಪ್ರತಿ ಡೋಸೂ ಒಂದು ಲೆಕ್ಕ. ಪ್ಯಾರಾಸಿಟಮಾಲ್ ಡ್ರಿಪ್ ನೋಡಿ: 100 ಎಂಎಲ್ ಬಾಟಲಿ, ಪ್ರತಿ ಎಂಎಲ್‌ನಲ್ಲಿ 10 ಮಿಲಿಗ್ರಾಂ. ಕೆ.ಜಿ.ಗೆ 7.5 ಮಿಲಿಗ್ರಾಂ ಹಿಡಿದರೆ ನಿಮ್ಮ ಮಗುವಿಗೆ 60 ಮಿಲಿಗ್ರಾಂ, ಅಂದರೆ 6 ಎಂಎಲ್. ಆ ‘60’ ಅನ್ನು ಎಂಎಲ್ ಎಂದು ಓದಿಬಿಟ್ಟರೆ ಹತ್ತು ಪಟ್ಟು ಒಳಗೆ ಹೋಗುತ್ತದೆ. ಬಾಟಲಿಯಲ್ಲಿ ಅಷ್ಟು ಇರುವುದರಿಂದ ಯಾರ ಕೈಯೂ ತಡೆಯುವುದಿಲ್ಲ. ಶಿಶುವಿಗೆ ಬಾಟಲಿಯನ್ನೇ ನೇತುಹಾಕದೆ, ಬೇಕಾದಷ್ಟನ್ನು ಮಾತ್ರ ಸಿರಿಂಜ್‌ಗೆ ಎಳೆದು, 15 ನಿಮಿಷದಲ್ಲಿ ಕೊಡಬೇಕು. ಹೆಚ್ಚಾಗಿದೆ ಎಂದು ಗೊತ್ತಾದ ಕ್ಷಣವೇ ವೈದ್ಯರಿಗೆ ಹೇಳಬೇಕು: ಪ್ರತಿವಿಷ ಅಸಿಟೈಲ್‌ಸಿಸ್ಟೀನ್ ಬೇಗ ಶುರುವಾದಷ್ಟೂ ಲಿವರ್ ಉಳಿಯುತ್ತದೆ. ಭಯಕ್ಕೆ ಮುಚ್ಚಿಟ್ಟ ಗಂಟೆಗಳೇ ದುಬಾರಿ.

ದಶಮಾಂಶ ಬಿಂದುವೂ ಹೀಗೇ ಕೈಕೊಡುತ್ತದೆ. ‘.5’ ಎಂದು ಬರೆದರೆ ಚುಕ್ಕೆ ಮಾಸಿ 5 ಆಗುತ್ತದೆ, ‘5.0’ ಎಂದರೆ 50 ಆಗುತ್ತದೆ. ಬರೆಯಬೇಕಾದ್ದು 0.5 ಮತ್ತು 5.

ಬಾಯಿಗೆ ಹಾಕುವ ಸಿರಪ್ಪನ್ನು ಮಾಮೂಲಿ ಸಿರಿಂಜಿನಲ್ಲಿ ಎಳೆದಿಟ್ಟರೆ ಅದು ಕ್ಯಾನುಲಾಕ್ಕೆ (ರಕ್ತನಾಳಕ್ಕೆ ಹಾಕಿದ ಸಣ್ಣ ಕೊಳವೆಗೆ) ಹೋಗಬಹುದು. ಕ್ಯಾನುಲಾಕ್ಕೆ ಕೂರದ ಓರಲ್ ಸಿರಿಂಜ್ ಇದೆ, ಅದನ್ನೇ ಕೇಳಿ.

ಇನ್ನು ನಿಮ್ಮ ಪಾಲಿನ ಕೆಲಸ. ಅಡ್ಮಿಟ್ ಆದ ದಿನ ಮಗುವಿನ ಬಟ್ಟೆ ಬಿಚ್ಚಿ ತೂಕ ನೋಡಿಸಿ. ಲಸಿಕೆ ಕಾರ್ಡಿನ ಹಳೇ ತೂಕ ಬೇಡ. ಮನೆಯಲ್ಲಿ ಕೊಟ್ಟ ಜ್ವರದ ಡ್ರಾಪ್ಸ್ ಎಷ್ಟು, ಎಷ್ಟು ಗಂಟೆಗೆ ಎಂದು ಹೇಳಿ. 1 ಎಂಎಲ್ ಡ್ರಾಪ್ಸ್‌ನಲ್ಲಿ ಸಾಮಾನ್ಯವಾಗಿ 100 ಮಿಲಿಗ್ರಾಂ ಪ್ಯಾರಾಸಿಟಮಾಲ್ ಇರುತ್ತದೆ, ಅದರ ಮೇಲೆ ಡ್ರಿಪ್ಪೂ ಬಿದ್ದರೆ ಎರಡು ಡೋಸ್. ಡ್ಯೂಟಿ ಬದಲಾದಾಗ ಹಿಂದಿನ ಡೋಸಿನ ಹೊತ್ತು ಕೇಳಿ. ಇನ್ನೊಬ್ಬ ಸಿಸ್ಟರ್ ಲೆಕ್ಕವನ್ನು ಬೇರೆಯಾಗಿ ಮಾಡಿದರೆ ಮಾತ್ರ ಅದು ತಪಾಸಣೆ. ಮೊದಲಿನವರ ಉತ್ತರ ನೋಡಿ ತಲೆಯಾಡಿಸಿದರೆ ತಪ್ಪು ಸಿಕ್ಕುವುದಿಲ್ಲ. ಔಷಧ ಎಳೆಯುತ್ತಿರುವಾಗ ಅವರನ್ನು ಮಾತಾಡಿಸಬೇಡಿ. ಸಿರಿಂಜ್ ತುಂಬಿದ ಮೇಲೆ, ಕ್ಯಾನುಲಾಕ್ಕೆ ಹಚ್ಚುವ ಮೊದಲು ಕೇಳಿ: ‘ಸಿಸ್ಟರ್, ಇದು ಯಾವ ಔಷಧ, ಎಷ್ಟು ಮಿಲಿಗ್ರಾಂ, ಎಷ್ಟು ಎಂಎಲ್?’