ನಿಮ್ಮ ಎಸ್ಟೇಟ್ ಮನೆಗೆ ಬಾಗಿಲು ಎಷ್ಟು?

ನಮಸ್ಕಾರ.

ನಿಮ್ಮ 62 ಪುಟದ ಚಿತ್ರಕಥೆ ಬಂದು ಮೂರು ವಾರ ಆಯಿತು. ಸಕಲೇಶಪುರದ ಕಡೆಯ ಒಂದು ಎಸ್ಟೇಟ್ ಹೋಂಸ್ಟೇ, ಆರು ಜನ ಗೆಳೆಯರು, ಬಿಡದ ಮಳೆ, ಮುಖವಾಡ ಹಾಕಿಕೊಂಡು ಒಬ್ಬೊಬ್ಬರನ್ನೇ ಮುಗಿಸುವ ಕೊಲೆಗಾರ. ‘ಸ್ಲ್ಯಾಶರ್’ ಅನ್ನುತ್ತಾರಲ್ಲ, ಆ ಬಗೆ. ಎರಡು ಸಲ ಓದಿದೆ. ಮೊದಲ ಸಲ ಕೆಲಸ ಅಂತ ಓದಿದ್ದು, ಎರಡನೇ ಸಲ ಸಿಟ್ಟಿಗೆ. ಬರೀ ಕೆಟ್ಟದಾಗಿದ್ದರೆ ಎರಡು ಸಾಲು ಬರೆದು ವಾಪಸ್ ಕಳಿಸಿ ಟೀ ಕುಡಿಯೋಕೆ ಹೋಗುತ್ತಿದ್ದೆ.

ಹೊಗಳಿಕೆ ಮೊದಲೇ ಮುಗಿಸಿಬಿಡುತ್ತೇನೆ. ಎಸ್ಟೇಟ್ ರೈಟರ್ (ತೋಟದ ಲೆಕ್ಕ ಬರೆಯುವವನು) ಮಾತಾಡುವ ಧಾಟಿ ಚೆನ್ನಾಗಿದೆ. 9ನೇ ಪುಟದ ಇಂಬಳದ ಸಾಲು ಚೆನ್ನಾಗಿದೆ. ಕಾಗುಣಿತದ ತಪ್ಪು ಕಡಿಮೆ. ಆಯ್ತು.

ಚಿತ್ರಕಥೆಯ ಜೊತೆ ನೀವೊಂದು ಪಟ್ಟಿ ಇಟ್ಟಿದ್ದೀರಿ. 12ನೇ ನಿಮಿಷಕ್ಕೆ ಮೊದಲ ಕೊಲೆ, 24ಕ್ಕೆ ಎರಡನೆಯದು, ಆಮೇಲೆ 36, 48, 60. ಕೊನೆಯಲ್ಲಿ ‘ಫೈನಲ್ ಗರ್ಲ್’, ಅಂದರೆ ಬದುಕುಳಿಯುವ ಒಬ್ಬಳೇ ಹುಡುಗಿ, ಉಳಿಯುತ್ತಾಳೆ. ಪಟ್ಟಿಯ ಕೆಳಗೆ, ‘ಸ್ಲ್ಯಾಶರ್ ಸಿನಿಮಾದ ಸ್ಟ್ರಕ್ಚರ್ ಇದೇ ಸರ್, 1978ರ ಹ್ಯಾಲೋವೀನ್ ನೋಡಿ ಕಲಿತದ್ದು’ ಅಂತ ಬರೆದಿದ್ದೀರಿ. ಓದಿದಾಗ ಬಸ್ ಸ್ಟ್ಯಾಂಡಿನ ವೇಳಾಪಟ್ಟಿ ನೆನಪಾಯಿತು. ಬಸ್ಸಾದರೂ ಒಂದೊಂದು ದಿನ ಲೇಟಾಗುತ್ತದೆ. ನಿಮ್ಮ ಕೊಲೆಗಾರ ಒಂದು ನಿಮಿಷ ಆಚೀಚೆ ಆಗೋದಿಲ್ಲ.

ಆ ಸಿನಿಮಾ ಇನ್ನೊಂದು ಸಲ ನೋಡಿ, ಪಕ್ಕದಲ್ಲಿ ಗಡಿಯಾರ ಇಟ್ಟುಕೊಂಡು. ಒಟ್ಟು 91 ನಿಮಿಷ. ಶುರುವಿನಲ್ಲೇ ಒಂದು ಕೊಲೆ ಇದೆ, ನಿಜ. 1963ರ ಹ್ಯಾಲೋವೀನ್ ಹಬ್ಬದ ರಾತ್ರಿ, ಆರು ವರ್ಷದ ಮೈಕಲ್ ತನ್ನ ಅಕ್ಕನನ್ನು ಕೊಲ್ಲುತ್ತಾನೆ. ಅದಾದ ಮೇಲೆ 15 ವರ್ಷ ದಾಟಿ ಕಥೆ ಮುಂದುವರಿಯುತ್ತದೆ. ನಮ್ಮ ಕಣ್ಣೆದುರಿಗೆ ಮುಂದಿನ ಮನುಷ್ಯ ಸಾಯುವ ಹೊತ್ತಿಗೆ ಸಿನಿಮಾ 50 ನಿಮಿಷ ದಾಟಿರುತ್ತದೆ. ನಡುವೆ ಪೊದೆಯಲ್ಲಿ ಒಂದು ಹೆಣ ಕಾಣುತ್ತದೆ, ಒಂದು ನಾಯಿ ಸಾಯುತ್ತದೆ, ಅಷ್ಟೇ. ನಿಮ್ಮ ಪಟ್ಟಿಯ ಪ್ರಕಾರ ಅಷ್ಟು ಹೊತ್ತಿಗೆ ನಾಲ್ಕು ಹೆಣ ಬಿದ್ದಾಗಿದೆ. 1960ರ ಸೈಕೋದಲ್ಲೂ ಆ ಬಚ್ಚಲಿನ ಕೊಲೆಗೆ ಹಿಚ್‌ಕಾಕ್ ನಮ್ಮನ್ನು ಮುಕ್ಕಾಲು ಗಂಟೆ ಕಾಯಿಸುತ್ತಾನೆ. 

‘ಫೈನಲ್ ಗರ್ಲ್’ ವಿಷಯ. ಈ ಹೆಸರು ಕೊಟ್ಟವರು ಕೆರೊಲ್ ಕ್ಲೋವರ್, 1987ರ ಒಂದು ಲೇಖನದಲ್ಲಿ. ಐಸ್‌ಲ್ಯಾಂಡಿನ ಹಳೆಯ ಕಥನಗಳನ್ನು ಓದಿಕೊಂಡಿದ್ದ ಪ್ರಾಧ್ಯಾಪಕಿ ಅವರು. ಹ್ಯಾಲೋವೀನ್ ಬಂದು ಆಗಲೇ ಒಂಬತ್ತು ವರ್ಷ ಆಗಿತ್ತು. ಜಾನ್ ಕಾರ್ಪೆಂಟರ್, ಡೆಬ್ರಾ ಹಿಲ್ ಇಬ್ಬರೂ ಸೇರಿ ಬರೆದಾಗ ಅವರ ಮುಂದೆ ಲೋರಿ ಅನ್ನುವ ಒಬ್ಬ ಹೈಸ್ಕೂಲ್ ಹುಡುಗಿ ಇದ್ದಳು, ‘ಫೈನಲ್ ಗರ್ಲ್’ ಇರಲಿಲ್ಲ. ನೀವು ಕೂಸು ಹುಟ್ಟುವ ಮುಂಚೆಯೇ ಕುಲಾವಿ ಹೊಲಿದು ಕೂತಿದ್ದೀರಿ.

ಇಷ್ಟೇ ಆಗಿದ್ದರೆ ನನಗೆ ಸಿಟ್ಟು ಬರುತ್ತಿರಲಿಲ್ಲ. ಪಟ್ಟಿ ಹರಿದು ಹಾಕಿದರೆ ಆಯಿತು. ಸಿಟ್ಟು ಬಂದದ್ದು ಎರಡು ಪದಗಳಿಗೆ. ‘ಇದ್ದಕ್ಕಿದ್ದಂತೆ’ ಮತ್ತು ‘ಅಷ್ಟರಲ್ಲಿ’. ಪೆನ್ಸಿಲ್ ಹಿಡಿದು ಎಣಿಸಿದೆ. ಮೊದಲನೆಯದು 37 ಸಲ, ಎರಡನೆಯದು 22 ಸಲ. ಸುಮಾರು ಪುಟಕ್ಕೊಂದು. 21ನೇ ಪುಟ ತೆಗೆಯಿರಿ, ಪ್ರೀತಮ್ ಸಾಯುವ ಜಾಗ. ಒಂದೊಂದೇ ಸಾಲು ನೋಡೋಣ.

‘ಇದ್ದಕ್ಕಿದ್ದಂತೆ ಕರೆಂಟ್ ಹೋಗುತ್ತದೆ.’ ಮಳೆಗಾಲದಲ್ಲಿ ಆ ಕಡೆ ಒಂದು ವಾರ ಇದ್ದು ನೋಡಿ. ಅಲ್ಲಿ ಕರೆಂಟ್ ಇದ್ದಕ್ಕಿದ್ದಂತೆ ಹೋಗೋದಿಲ್ಲ, ಇದ್ದಕ್ಕಿದ್ದಂತೆ ಬರುತ್ತದೆ. ಮಧ್ಯಾಹ್ನವೇ ಹೋಗಿರಲಿ. ಸಂಜೆಗೆ ಇವರ ಫೋನುಗಳೆಲ್ಲ ಒಂದೊಂದಾಗಿ ಸಾಯಲಿ. ಯಾರ ಫೋನಿನಲ್ಲಿ ಎಷ್ಟು ಚಾರ್ಜ್ ಉಳಿದಿದೆ ಅನ್ನೋದು ನಮಗೆ ಗೊತ್ತಿರಲಿ. ಆಗ ಕತ್ತಲೆ ಬರುವುದನ್ನು ನಾವೂ ಕೂತು ನೋಡುತ್ತೇವೆ.

‘ಪ್ರೀತಮ್ ಟಾರ್ಚ್ ಹುಡುಕಲು ಇನ್ನೊಂದು ಕೋಣೆಗೆ ಹೋಗುತ್ತಾನೆ.’ ಯಾವ ಕೋಣೆ? 14ನೇ ಪುಟದಲ್ಲಿ ಟಾರ್ಚ್ ಜೀಪಿನಲ್ಲಿ ಬಿಟ್ಟುಬಂದೆ ಅಂತ ಅವನೇ ಹೇಳಿದ್ದಾನೆ. 20ನೇ ಪುಟದಲ್ಲಿ ಮೊಬೈಲ್ ಹಿಡಿದು ರೀಲ್ಸ್ ನೋಡುತ್ತಿದ್ದ. ಅದಕ್ಕೆ ಟಾರ್ಚ್ ಇರಲ್ವಾ? ಅವನು ಆ ಕೋಣೆಗೆ ಹೋದದ್ದು ಕೊಲೆಗಾರ ಅಲ್ಲಿದ್ದಾನೆ ಅಂತ. ಅದು ನಿಮಗೆ ಗೊತ್ತು, ಅವನಿಗೆ ಹೇಗೆ ಗೊತ್ತಾಯಿತು?

‘ಅಷ್ಟರಲ್ಲಿ ಹಿಂದಿನಿಂದ ಒಂದು ಕೈ ಬಂದು ಬಾಯಿ ಮುಚ್ಚುತ್ತದೆ.’ ಹಿಂದೆ ಏನಿತ್ತು? ಗೋಡೆಯಾ, ಬೀರುವಾ, ಕಿಟಕಿಯಾ? ಆ ಕೈ ಎಷ್ಟು ಹೊತ್ತಿನಿಂದ ಅಲ್ಲಿ ಕಾಯುತ್ತಿತ್ತು? ಹೊರಗೆ ಧಾರಾಕಾರ ಮಳೆ, ಆದರೆ ಕೊಲೆಗಾರನ ತೋಳು ಒದ್ದೆಯಾಗಿತ್ತು ಅಂತ ನೀವು ಎಲ್ಲೂ ಬರೆದಿಲ್ಲ. ಒದ್ದೆಯಾಗಿದ್ದರೆ ಈಗಷ್ಟೇ ಒಳಗೆ ಬಂದವನು. ಒಣಗಿದ್ದರೆ ಸಂಜೆಯಿಂದ ಮನೆಯೊಳಗೇ ಇದ್ದವನು. ಎರಡರಲ್ಲಿ ಯಾವುದಕ್ಕೆ ನಿಮಗೆ ಜಾಸ್ತಿ ಭಯ ಆಗುತ್ತದೆ?

‘ಭಯಾನಕ ಮೌನ.’ ಎರಡು ಪುಟ ಹಿಂದೆ ‘ಹೆಂಚಿನ ಮೇಲೆ ಧೋ ಅಂತ ಮಳೆ’ ಅಂತ ಬರೆದವರು ನೀವೇ. ಮೌನ ಎಲ್ಲಿಂದ ಬಂತು? ಸಿನಿಮಾಗಳಲ್ಲಿ ಕೊಲೆ ಆದ ಮೇಲೆ ಮೌನ ಇರುತ್ತದೆ ಅಂತ ಬಂತು. ಆ ಮಳೆಯ ಸದ್ದು ಬಿಟ್ಟುಕೊಡಬೇಡಿ. ಪಕ್ಕದ ಕೋಣೆಯಲ್ಲಿ ಉಳಿದವರೆಲ್ಲ ಇದ್ದರೂ ಪ್ರೀತಮ್ ಒದ್ದಾಡಿದ್ದು ಯಾರಿಗೂ ಕೇಳದೆ ಇರೋದು ಆ ಸದ್ದಿನಿಂದಲೇ. ನಿಮ್ಮ ಕೈಯಲ್ಲಿದ್ದ ಒಳ್ಳೆಯ ಸರಕನ್ನು ನೀವೇ ಒರೆಸಿ ಹಾಕಿದ್ದೀರಿ.

ನೀವು ಗುರು ಅಂದುಕೊಂಡ ಸಿನಿಮಾದಲ್ಲಿ ಇದೇ ಕೆಲಸ ಹೇಗೆ ಆಗಿದೆ ಅಂತ ನೋಡಿ. ಆನಿ ಅನ್ನುವ ಹುಡುಗಿ ರಾತ್ರಿ ಗೆಳೆಯನನ್ನು ಕರೆತರಲು ಹೊರಡುತ್ತಾಳೆ. ಕಾರಿನ ಬಾಗಿಲು ಎಳೆಯುತ್ತಾಳೆ, ಲಾಕ್ ಆಗಿದೆ. ಕೀ ಮನೆಯೊಳಗಿದೆ. ಗುನುಗಿಕೊಂಡು ವಾಪಸ್ ಹೋಗಿ, ಕೀ ತಂದು, ಬಾಗಿಲು ಎಳೆದು ಒಳಗೆ ಕೂರುತ್ತಾಳೆ. ಕೀ ಹಾಕದೆಯೇ ಬಾಗಿಲು ತೆರೆಯಿತು. ಅವಳು ಗಮನಿಸಲಿಲ್ಲ. ಕೂತ ಮೇಲೆ ನೋಡಿದರೆ ಗಾಜಿನ ಒಳಗಡೆ ಉಸಿರಿನ ಮಂಜು ಕಟ್ಟಿದೆ. ಬೆರಳಲ್ಲಿ ಮುಟ್ಟುತ್ತಾಳೆ. ಇಷ್ಟೇ. ಹಿಂದಿನ ಸೀಟಿನಿಂದ ಮೈಕಲ್ ಏಳುವಾಗ ನಾವು ಬೆಚ್ಚಿಬೀಳುತ್ತೇವೆ, ಆದರೆ ‘ಅಯ್ಯೋ, ಬಾಗಿಲು ಲಾಕ್ ಆಗಿತ್ತಲ್ಲ!’ ಅಂತ ಅದಕ್ಕೆ ಮುಂಚೆಯೇ ನಮ್ಮ ಹೊಟ್ಟೆಯಲ್ಲಿ ಏನೋ ತಿರುಗಿರುತ್ತದೆ. ಎಲ್ಲಿದೆ ಇದರಲ್ಲಿ ‘ಇದ್ದಕ್ಕಿದ್ದಂತೆ’?

ನನ್ನ ಪ್ರಕಾರ ಆ ಸಿನಿಮಾದಲ್ಲಿ ಚೂರಿಗಿಂತ ಹೆಚ್ಚು ಕೆಲಸ ಮಾಡುವುದು ಕೀ. ಲೋರಿಯ ಅಪ್ಪ ಮನೆ ಮಾರಿಸುವ ದಲ್ಲಾಳಿ. ಬೆಳಿಗ್ಗೆ ಅವಳಿಗೆ, ಒಂದು ಕೀಯನ್ನು ಮೈಕಲ್‌ನ ಪಾಳುಬಿದ್ದ ಮನೆಯ ಮ್ಯಾಟಿನ ಕೆಳಗೆ ಇಟ್ಟು ಬಾ ಅನ್ನುತ್ತಾನೆ. ಅವಳು ಬಾಗಿ ಇಡುವಾಗ ಮೈಕಲ್ ಬಾಗಿಲಿನ ಒಳಗಿಂದ ನೋಡುತ್ತಿರುತ್ತಾನೆ. ಇಡೀ ಊರಿನಲ್ಲಿ ಅವಳ ಬೆನ್ನು ಹತ್ತೋದು ಅಲ್ಲಿಂದ. ಆಮೇಲೆ ಆನಿಯ ಕಾರು. ಕೊನೆಗೆ ಲೋರಿ ಎದುರು ಮನೆಯಿಂದ ರಸ್ತೆ ದಾಟಿ ಓಡಿಬಂದು ಬಾಗಿಲಲ್ಲಿ ನಿಂತು ತಡಕಾಡಿದರೆ ಕೀ ಇಲ್ಲ, ಎಲ್ಲೋ ಬಿದ್ದುಹೋಗಿದೆ. ಒಳಗೆ ಮಹಡಿಯಲ್ಲಿ ಅವಳು ನೋಡಿಕೊಳ್ಳಲು ಬಂದ ಮಗು ಮಲಗಿದೆ. ಅವಳು ಹೂವಿನ ಕುಂಡ ಎತ್ತಿ ಮೇಲಿನ ಕಿಟಕಿಗೆ ಎಸೆಯುತ್ತಾಳೆ. ಅವನು ಹಿಂದೆ ನಡೆದುಕೊಂಡು ಬರುತ್ತಿದ್ದಾನೆ, ಓಡುತ್ತಲೂ ಇಲ್ಲ. ಆ ಎರಡು ಮನೆಗಳ ನಡುವೆ ಒಂದೇ ರಸ್ತೆ ಅಂತ ನಮಗೆ ಆಗಲೇ ಗೊತ್ತು. ಅವನು ಎಷ್ಟು ಹೆಜ್ಜೆ ದೂರದಲ್ಲಿದ್ದಾನೆ ಅಂತ ನಾವೇ ಲೆಕ್ಕ ಹಾಕಬಹುದು.

ರಕ್ತದ ಸೀನುಗಳಿಗೆ ಬಜೆಟ್ ಬೇಕು, ನಿರ್ಮಾಪಕರು ಸಿಗುತ್ತಿಲ್ಲ ಅಂತಲೂ ಬರೆದಿದ್ದೀರಿ. ಆ ಸಿನಿಮಾದಲ್ಲಿ ರಕ್ತ ಕಾಣುವುದೇ ಕಡಿಮೆ. ಮುಖವಾಡ ಎರಡು ಡಾಲರ್ ಒಳಗಿನದು, ಅಂಗಡಿಯಲ್ಲಿ ಕೊಂಡು ಬಿಳಿ ಬಣ್ಣ ಬಳಿದದ್ದು. ಕ್ಯಾಲಿಫೋರ್ನಿಯಾದಲ್ಲಿ ವಸಂತಕಾಲ, ಕಥೆಗೆ ಬೇಕಾದದ್ದು ಅಕ್ಟೋಬರ್‌ನ ಇಲಿನಾಯ್. ಉದುರಿದ ಎಲೆಗಳಿಗೆ ಬಣ್ಣ ಹಾಕಿ, ಚೆಲ್ಲಿ, ಶೂಟ್ ಮಾಡಿ, ಮತ್ತೆ ಗುಡಿಸಿ ಚೀಲಕ್ಕೆ ತುಂಬಿಕೊಂಡು ಮುಂದಿನ ರಸ್ತೆಗೆ ಹೋಗುತ್ತಿದ್ದರಂತೆ. ನಿಮಗೆ ಎಲೆ ಗುಡಿಸುವ ಕೆಲಸವೂ ಇಲ್ಲ. ಮಳೆ ಪುಕ್ಕಟೆ.

ನಾನು ಇಷ್ಟು ಕೂಗಾಡುವುದಕ್ಕೆ ಒಂದು ಕಾರಣ ಇದೆ. ನಾನೂ ಇದೇ ಮಾಡಿದವನು. ವಯಸ್ಸು 23, ಒಂದು ವಾರಪತ್ರಿಕೆಯಲ್ಲಿ ಪ್ರೂಫ್ ನೋಡುವ ಕೆಲಸ. ಸಂಬಳ ಸಾಲುತ್ತಿರಲಿಲ್ಲ, ಪತ್ತೇದಾರಿ ಕಥೆಗೆ ಬೇರೆ ದುಡ್ಡು ಕೊಡುತ್ತಿದ್ದರು. ಹಾಗಾಗಿ ಒಂದು ಬರೆದೆ. ಮಲೆನಾಡಿನ ದೊಡ್ಡ ಮನೆ, ಮುದುಕ ಯಜಮಾನ, ರಾತ್ರಿ ಕೊಲೆ. ಕೊಲೆಗಾರ ಹೆಂಚು ತೆಗೆದು ಒಳಗೆ ಇಳಿಯುತ್ತಾನೆ. ಇದ್ದಕ್ಕಿದ್ದಂತೆ, ಹೌದು.

ನಮ್ಮಲ್ಲಿ ಒಬ್ಬ ಹಿರಿಯ ಉಪಸಂಪಾದಕರಿದ್ದರು. ಮಾತು ಕಡಿಮೆ, ನಶ್ಯ ಜಾಸ್ತಿ. ಕಥೆ ಓದಿ, ಹಳೆಯ ಗ್ಯಾಲಿ ಪ್ರೂಫಿನ ಹಿಂಬದಿ ನನ್ನ ಕಡೆ ತಳ್ಳಿ ‘ಮನೆ ಬರಿ’ ಅಂದರು. ಬರೆದೆ. ಜಗಲಿ, ನಡುಮನೆ, ಎರಡು ಕೋಣೆ, ಅಡುಗೆಮನೆ.

‘ಇವರು ಸ್ನಾನ ಮಾಡಲ್ವೇನೋ?’

ಬಚ್ಚಲು ಮರೆತಿದ್ದೆ. ಅಡುಗೆಮನೆ ಹಿಂದೆ ಒಂದು ಚೌಕ ಹಾಕಿದೆ.

‘ಹಂಡೆ ಒಲೆಗೆ ಸೌದೆ ತರೋಳು ಎಲ್ಲಿಂದ ಬರ್ತಾಳೆ? ನಡುಮನೆಯಿಂದಲಾ?’

ಹಿತ್ತಿಲ ಕಡೆಗೆ ಒಂದು ಬಾಗಿಲು ಬರೆದೆ.

‘ಅದಕ್ಕೆ ರಾತ್ರಿ ಚಿಲಕ ಹಾಕೋರು ಯಾರು?’

ನನ್ನ ಅಜ್ಜಿ ಮನೆ ನೆನಪಿಸಿಕೊಂಡು ಹೇಳಿದೆ, ಕೊನೆಗೆ ಸ್ನಾನ ಮಾಡಿದವರು.

ಅವರು ನಶ್ಯದ ಡಬ್ಬಿ ಮುಚ್ಚಿದರು. ‘ಹಂಗಾದ್ರೆ ಆ ದಿನ ಕೊನೆಗೆ ಸ್ನಾನ ಮಾಡಿದೋರು ಯಾರು ಅಂತ ಬರ್ಕೊಂಡು ಬಾ. ಹೆಂಚು ಮುಟ್ಟಬೇಡ, ಪಾಪ, ಮಳೆ ಸೋರುತ್ತೆ.’

ಕಥೆ ಪೂರ್ತಿ ಬದಲಾಯಿತು. ಕೊಲೆಗಾರನೂ ಬದಲಾದ. ಅಲ್ಲಿಯವರೆಗೆ ನನಗೇ ಗೊತ್ತಿಲ್ಲದ ಒಬ್ಬಳು ಸೊಸೆ ಬಚ್ಚಲಿನಿಂದ ಎದ್ದು ಬಂದಳು. ಆಮೇಲೆ ಎಷ್ಟೋ ತಿಂಗಳಿಗೆ ಹ್ಯಾಲೋವೀನ್‌ನ ಒಂದು ಹರಕು ಕ್ಯಾಸೆಟ್ ಬಾಡಿಗೆಗೆ ತಂದು ನೋಡಿದಾಗ, ಎದುರುಬದುರಿನ ಆ ಎರಡು ಮನೆಗಳನ್ನು ನಾನು ಪೇಪರಿನ ಅಂಚಿನಲ್ಲಿ ಬರೆದುಕೊಳ್ಳುತ್ತಿದ್ದೆ. ರೂಮ್‌ಮೇಟ್ ಹೆದರಿ ದಿಂಬು ಅವುಚಿಕೊಂಡು ಕೂತಿದ್ದ. ನಾನು ಬಾಗಿಲು ಎಣಿಸುತ್ತಿದ್ದೆ.

ಈಗ ನಿಮ್ಮ 55ನೇ ಪುಟ. ‘ಮೇಘಾ ಹೊರಗೆ ಓಡುತ್ತಾಳೆ. ಅಷ್ಟರಲ್ಲಿ ಕೊಲೆಗಾರ ಎದುರಿಗೆ ನಿಂತಿರುತ್ತಾನೆ.’ ಹಿಂದಿನ ಸಾಲಿನಲ್ಲಿ ಅವನು ಅವಳ ಹಿಂದೆ ಮೆಟ್ಟಿಲ ಮೇಲಿದ್ದ! ಅವಳು ಮುಂಬಾಗಿಲಿನಿಂದ ಓಡಿದ್ದಾದರೆ ಅವನು ಯಾವ ಬಾಗಿಲಿನಿಂದ ಸುತ್ತಿ ಬಂದ? ಓದುಗ ಇಲ್ಲಿ ಹೆದರೋದಿಲ್ಲ. ಪುಟ ಹಿಂದಕ್ಕೆ ತಿರುಗಿಸುತ್ತಾನೆ.

ಇನ್ನು ಆ ಇಂಬಳ. 9ನೇ ಪುಟದಲ್ಲಿ ಮೇಘಾ ತೋಟದಿಂದ ಬಂದು ಕಾಲಿನಿಂದ ಇಂಬಳ ಕೀಳುತ್ತಾಳೆ. ‘ಇಂಬಳ ಹೋಯಿತು, ರಕ್ತ ಹೋಗಲಿಲ್ಲ’ ಅಂತ ಬರೆದಿದ್ದೀರಿ. ಎಷ್ಟು ಒಳ್ಳೆಯ ಸಾಲು! ಅದು ಕಚ್ಚಿದ ಜಾಗದಲ್ಲಿ ರಕ್ತ ಬೇಗ ಹೆಪ್ಪುಗಟ್ಟೋದಿಲ್ಲ, ಗಂಟೆಗಟ್ಟಲೆ ಜಿನುಗುತ್ತದೆ. ತೋಟದ ಕಡೆಯವರಿಗೆ ಗೊತ್ತು. 10ನೇ ಪುಟದಲ್ಲಿ ಆ ಮನೆಯ ನೆಲ ಕೆಂಪು ಗಾರೆ ಅಂತಲೂ ನೀವೇ ಹೇಳಿದ್ದೀರಿ. ಕತ್ತಲಲ್ಲಿ ಕೆಂಪು ನೆಲದ ಮೇಲೆ ಹನಿ ಕಾಣೋದಿಲ್ಲ. ಹಿಂದಿನ ಮೆಟ್ಟಿಲಿನ ಸಿಮೆಂಟಿನ ಮೇಲೆ ಕಾಣುತ್ತದೆ. ಮೇಘಾ ಎಲ್ಲಿ ಅಡಗಿದರೂ ಅವಳ ಕಾಲು ದಾರಿ ಹೇಳುತ್ತಾ ಹೋಗುತ್ತದೆ, ಅವಳಿಗೆ ಗೊತ್ತಿಲ್ಲ. ಇಲ್ಲವೇ, ‘ನಾನು ದಿನವಿಡೀ ಮನೆಯಿಂದ ಆಚೆ ಕಾಲಿಟ್ಟಿಲ್ಲ’ ಅಂದವನ ಸಾಕ್ಸಿನಲ್ಲೂ ಅಂಥದ್ದೇ ಒಂದು ಕಲೆ ಇರಲಿ. ಆನಿಯ ಕಾರಿನ ಬಾಗಿಲಿನಷ್ಟೇ ಒಳ್ಳೆಯ ವಸ್ತು ನಿಮ್ಮ ಕೈಯಲ್ಲಿತ್ತು. 11ನೇ ಪುಟ ದಾಟಿದ ಮೇಲೆ ಅದರ ಸುದ್ದಿಯೇ ಇಲ್ಲ. ನನಗೆ ಸಿಟ್ಟು ಬಂದದ್ದು ನಿಜವಾಗಿ ಇದಕ್ಕೆ.

ಇನ್ಸ್‌ಪೆಕ್ಟರ್ ಪಾತ್ರ, ಫ್ಲ್ಯಾಶ್‌ಬ್ಯಾಕ್, 30ನೇ ಪುಟದ ಹಾಡು, ಇವುಗಳ ಬಗ್ಗೆ ನಾನು ಏನೂ ಹೇಳೋದಿಲ್ಲ. ಹಾಡಿನ ಬಗ್ಗೆಯಂತೂ ಹೇಳೋದೇ ಇಲ್ಲ.

ಚಿತ್ರಕಥೆ ವಾಪಸ್ ಕಳಿಸುತ್ತಿದ್ದೇನೆ, ಪೆನ್ಸಿಲ್ ಗುರುತುಗಳ ಸಮೇತ. ತಿದ್ದಿ ಈಗಲೇ ಕಳಿಸಬೇಡಿ. ಮೊದಲು ಒಂದು ಹಾಳೆಯಲ್ಲಿ ಆ ಎಸ್ಟೇಟ್ ಮನೆ ಬರೆದು ಕಳಿಸಿ. ಬಾಗಿಲುಗಳಿಗೆ ನಂಬರ್ ಹಾಕಿ, ಯಾವುದರ ಕೀ ಯಾರ ಹತ್ತಿರ ಇದೆ ಅಂತ ಪಕ್ಕದಲ್ಲಿ ಬರೆಯಿರಿ. ಸಂಜೆ ಏಳಕ್ಕೆ, ಎಂಟಕ್ಕೆ, ಒಂಬತ್ತಕ್ಕೆ ಕೊಲೆಗಾರ ಎಲ್ಲಿ ನಿಂತಿದ್ದ ಅಂತ ಚುಕ್ಕೆ ಇಡಿ. ಜೀಪು ಎಲ್ಲಿ ನಿಂತಿದೆ ಅನ್ನೋದೂ ಬೇಕು, ಟಾರ್ಚ್ ಇನ್ನೂ ಅದರಲ್ಲೇ ಇದೆ.

ಬಚ್ಚಲು ಮರೆಯಬೇಡಿ.